ಉರಿ ಹತ್ತಿ ಆರುವ ಫರ್ನೇಸ್: ರಿಪೇರಿಗೆ ಎಷ್ಟು ಕೊಡಬೇಕು?

ಪ್ರಶ್ನೆ: ಸರ್, ನಮ್ಮ ಮನೆ ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿದೆ. ಮನೆ ಬಿಸಿ ಮಾಡುವ ಗ್ಯಾಸ್ ಫರ್ನೇಸ್‌ಗೆ ಹದಿನೇಳು ವರ್ಷ ಆಯ್ತು, ಮನೆ ಕಟ್ಟಿದಾಗ ಹಾಕಿದ್ದೇ. ಹೋದ ಶನಿವಾರ ರಾತ್ರಿ ಮನೆ ತಣ್ಣಗಾಗತೊಡಗಿತು. ಬೇಸ್‌ಮೆಂಟ್‌ಗೆ ಇಳಿದು ನೋಡಿದರೆ ಒಳಗೆ ಉರಿ ಹತ್ತುತ್ತಿತ್ತು, ಮೂರು ನಾಲ್ಕು ಸೆಕೆಂಡಿಗೆ ಆರುತ್ತಿತ್ತು. ಮತ್ತೆ ಹತ್ತುತ್ತಿತ್ತು, ಮತ್ತೆ ಆರುತ್ತಿತ್ತು. ದಾವಣಗೆರೆಯಿಂದ ಅಪ್ಪ ಅಮ್ಮ ಬಂದು ಎರಡು ವಾರ ಆಗಿದೆ. ಗಾಬರಿಯಲ್ಲಿ ಮೊದಲು ಸಿಕ್ಕ ಕಂಪನಿಗೆ ಫೋನ್ ಮಾಡಿದೆ. ರಾತ್ರಿ ಬಂದಿದ್ದಕ್ಕೆ 189 ಡಾಲರ್, ಇಗ್ನೈಟರ್ ಮತ್ತು ಫ್ಲೇಮ್ ಸೆನ್ಸರ್ ಬದಲಿಸಿದ್ದಕ್ಕೆ 640 ಡಾಲರ್ ತಗೊಂಡರು. ಹೋಗುವಾಗ, "ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿರಬಹುದು. ಹೊಸ ಫರ್ನೇಸ್‌ಗೆ 9,200 ಡಾಲರ್. ಈ ವಾರ ಹೇಳಿದರೆ ಮಾತ್ರ ಈ ರೇಟು" ಅಂದರು. ಈಗ ಫರ್ನೇಸ್ ಓಡುತ್ತಿದೆ. ನಾನು ಜಾಸ್ತಿ ಕೊಟ್ಟೆನಾ? ಹೊಸದು ಹಾಕಿಸಬೇಕಾ?

ಉತ್ತರ: ಹೌದು, ಜಾಸ್ತಿ ಕೊಟ್ಟಿದ್ದೀರಿ. ಹೊಸದು ಹಾಕಿಸುವ ತೀರ್ಮಾನವನ್ನು ಈ ವಾರ ಮಾಡಬೇಡಿ. ಆದರೆ ಬಿರುಕಿನ ಮಾತನ್ನು ಹಾಗೇ ಬಿಡುವಂತಿಲ್ಲ. ಅದನ್ನು ಇನ್ನೊಬ್ಬರಿಂದ ಎರಡು ದಿನದೊಳಗೆ ಪರೀಕ್ಷೆ ಮಾಡಿಸಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಉರಿ ಹತ್ತುತ್ತಿತ್ತು, ಆಮೇಲೆ ಆರುತ್ತಿತ್ತು ಅಂದಿರಿ. ಬಹಳ ಜನ ಇಷ್ಟನ್ನೂ ನೋಡುವುದಿಲ್ಲ, ನೀವು ನೋಡಿದ್ದು ಒಳ್ಳೇದಾಯ್ತು. ಫರ್ನೇಸ್ ಹೊತ್ತಿಕೊಳ್ಳುವುದಕ್ಕೆ ಒಂದು ಕ್ರಮ ಇದೆ. ಥರ್ಮೋಸ್ಟಾಟ್ ಬಿಸಿ ಕೇಳಿದ ಕೂಡಲೇ ಮೊದಲು ಇಂಡ್ಯೂಸರ್ ಅನ್ನುವ ಚಿಕ್ಕ ಫ್ಯಾನ್ ತಿರುಗುತ್ತದೆ. ಹೊಗೆ ಹೊರಗೆ ಹೋಗಲು ದಾರಿ ತೆರೆದಿದೆ ಅಂತ ಪ್ರೆಷರ್ ಸ್ವಿಚ್ ಖಾತ್ರಿ ಮಾಡಿಕೊಳ್ಳುತ್ತದೆ. ಆಮೇಲೆ ಇಗ್ನೈಟರ್ ಕೆಂಡದ ಹಾಗೆ ಕೆಂಪಾಗುತ್ತದೆ. ಗ್ಯಾಸ್ ವಾಲ್ವ್ ತೆರೆಯುತ್ತದೆ, ಉರಿ ಹತ್ತುತ್ತದೆ. ಉರಿ ನಿಜವಾಗಿ ಹತ್ತಿದೆಯಾ ಅಂತ ಫ್ಲೇಮ್ ಸೆನ್ಸರ್ ಕೆಲವೇ ಸೆಕೆಂಡಿನಲ್ಲಿ ಫರ್ನೇಸ್ ನಡೆಸುವ ಕಂಟ್ರೋಲ್ ಬೋರ್ಡಿಗೆ ತಿಳಿಸಬೇಕು. ತಿಳಿಸದಿದ್ದರೆ ಬೋರ್ಡ್ ಗ್ಯಾಸ್ ನಿಲ್ಲಿಸುತ್ತದೆ. ಉರಿಯದ ಗ್ಯಾಸ್ ಮನೆಯೊಳಗೆ ತುಂಬಬಾರದು ಅಲ್ವಾ, ಅದಕ್ಕೇ ಈ ಕಾವಲು. ಎಲ್ಲ ಸರಿ ಇದ್ದರೆ ಸ್ವಲ್ಪ ಹೊತ್ತಿಗೆ ದೊಡ್ಡ ಬ್ಲೋಯರ್ ಶುರುವಾಗಿ ರೂಮುಗಳಿಗೆ ಬಿಸಿ ಗಾಳಿ ಬರುತ್ತದೆ.

ಈಗ ನಿಮ್ಮ ಮನೆಯಲ್ಲಿ ಆಗಿದ್ದನ್ನು ಇದರ ಪಕ್ಕ ಇಟ್ಟು ನೋಡಿ. ಉರಿ ಹತ್ತುತ್ತಿತ್ತು ಅಂದರೆ ಇಗ್ನೈಟರ್ ಕೆಲಸ ಮಾಡುತ್ತಿತ್ತು. ಅದು ಸತ್ತಿದ್ದರೆ ಉರಿಯೇ ಕಾಣುತ್ತಿರಲಿಲ್ಲ. ಫ್ಯಾನಿನ ಸದ್ದು, ಒಂದು ಕ್ಲಿಕ್, ಅಷ್ಟೇ, ಉಳಿದಂತೆ ಕತ್ತಲೆ. ಹತ್ತಿ ಆರುವುದು ಹೆಚ್ಚಿನಂಶ ಕೊಳೆಯಾದ ಫ್ಲೇಮ್ ಸೆನ್ಸರ್‌ನ ಲಕ್ಷಣ. ಕೆಲವೊಮ್ಮೆ ಅದರ ವೈರ್ ಸಡಿಲ ಇರುತ್ತದೆ, ಇಲ್ಲವೇ ಅರ್ಥಿಂಗ್ ಸರಿ ಇರುವುದಿಲ್ಲ. ಇಗ್ನೈಟರ್ ಹಳೆಯದು, ಮುಂಜಾಗ್ರತೆಗೆ ಬದಲಿಸಿದೆ ಅಂತ ಟೆಕ್ನಿಷಿಯನ್ ಹೇಳಬಹುದು. ಅದು ತಪ್ಪಲ್ಲ. ಆದರೆ ಅದನ್ನು ಮೊದಲೇ ನಿಮಗೆ ಹೇಳಿ, ಬೇಕಾ ಬೇಡವಾ ಅಂತ ಕೇಳಬೇಕಿತ್ತು. ಕೆಟ್ಟಿದ್ದು ಯಾವುದು, ಮುಂಜಾಗ್ರತೆಗೆ ಹಾಕಿದ್ದು ಯಾವುದು ಅಂತ ಬಿಲ್ಲಿನಲ್ಲಿ ಬೇರೆ ಬೇರೆ ಕಾಣಬೇಕು.

ಈ ಫ್ಲೇಮ್ ಸೆನ್ಸರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಚಳಿಗಾಲದಲ್ಲಿ ನನಗೆ ಬರುವ ಫೋನುಗಳಲ್ಲಿ ಮತ್ತೆ ಮತ್ತೆ ಸಿಗುವುದು ಇದೇ. ಅದು ಪೆನ್ಸಿಲ್‌ಗಿಂತ ತೆಳ್ಳಗಿನ ಒಂದು ಲೋಹದ ಕಡ್ಡಿ. ಬುಡದಲ್ಲಿ ಬಿಳಿ ಪಿಂಗಾಣಿ, ಹಿಂದೆ ಒಂದೇ ವೈರ್, ಹಿಡಿದಿಡಲು ಒಂದೇ ಸ್ಕ್ರೂ. ಕಡ್ಡಿಯ ತುದಿ ಉರಿಯೊಳಗೇ ಇರುತ್ತದೆ. ಉರಿಯ ಮೂಲಕ ಹರಿಯುವ ಕರೆಂಟು ಆಂಪಿಯರ್‌ನ ಹತ್ತು ಲಕ್ಷದ ಕೆಲವೇ ಭಾಗ, ಅಷ್ಟು ಸಣ್ಣದು. ಕಡ್ಡಿಯ ಮೇಲೆ ತೆಳ್ಳಗೆ ಬೂದಿಯಂಥ ಪದರ ಕಟ್ಟಿದರೂ ಆ ಕರೆಂಟು ಸಾಲುವುದಿಲ್ಲ. ಕಣ್ಣಿಗೆ ಕಡ್ಡಿ ಸರಿಯಾಗಿಯೇ ಕಾಣುತ್ತದೆ. ಸ್ಕ್ರೂ ತೆಗೆದು, ಕಡ್ಡಿ ಹೊರಗೆಳೆದು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್‌ನಿಂದಲೋ ನಯವಾದ ಸ್ಟೀಲ್ ವುಲ್‌ನಿಂದಲೋ ಹಗುರವಾಗಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ ಹಾಕಿದರೆ ಫರ್ನೇಸ್ ಮತ್ತೆ ಓಡುತ್ತದೆ. ಹದಿನೈದು ನಿಮಿಷದ ಕೆಲಸ. ಹೊಸ ಕಡ್ಡಿಯೇ ಬೇಕಾಗುವುದು ಪಿಂಗಾಣಿ ಒಡೆದಾಗ ಅಥವಾ ಕಡ್ಡಿ ಸವೆದಾಗ.

ಇದನ್ನು ನೀವೇ ಮಾಡಬಹುದಾ? ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇದ್ದರೆ ಮಾಡಬಹುದು. ಫರ್ನೇಸ್ ಪಕ್ಕದಲ್ಲಿ ಲೈಟ್ ಸ್ವಿಚ್‌ನಂಥದ್ದೇ ಒಂದು ಸ್ವಿಚ್ ಇರುತ್ತದೆ, ಮೊದಲು ಅದನ್ನು ಆರಿಸಿ. ಗ್ಯಾಸ್ ಪೈಪಿನ ವಾಲ್ವ್ ಮುಚ್ಚಿ. ಒಳಗೆ ಇಗ್ನೈಟರ್ ಕೂಡ ಹತ್ತಿರದಲ್ಲೇ ಇರುತ್ತದೆ, ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಅಂಟಿದರೂ ಅದು ಬೇಗ ಬಿರುಕು ಬಿಡುತ್ತದೆ. ಅದಕ್ಕಿಂತ ಮುಂದೆ, ಗ್ಯಾಸ್ ವಾಲ್ವ್ ಅಥವಾ ಬರ್ನರ್ ತನಕ, ದಯವಿಟ್ಟು ನೀವಾಗಿ ಕೈ ಹಾಕಬೇಡಿ.

ದುಡ್ಡಿನ ವಿಷಯಕ್ಕೆ ಬರೋಣ. ಇಗ್ನೈಟರ್ ಭಾಗ ಮಾತ್ರ ತಂದರೆ ಸಾಮಾನ್ಯವಾಗಿ 25ರಿಂದ 80 ಡಾಲರ್. ಅದನ್ನೇ ಕಂಪನಿಯವರು ಬಂದು ಹಾಕಿದರೆ 200ರಿಂದ 400. ನನ್ನ ಓದುಗರಿಗೆ ಸಿಟ್ಟು ಬರುವುದು ಇಲ್ಲೇ. "ಮೂವತ್ತು ಡಾಲರ್ ಸಾಮಾನಿಗೆ ಮುನ್ನೂರಾ?" ಅಂತ ಕೇಳುತ್ತಾರೆ. ಆದರೆ ನೀವು ದುಡ್ಡು ಕೊಡುವುದು ಆ ಸಾಮಾನಿಗಲ್ಲ. ವ್ಯಾನ್, ಇನ್ಶೂರೆನ್ಸ್, ವ್ಯಾನಿನಲ್ಲಿ ತುಂಬಿಟ್ಟ ನೂರಾರು ಬಿಡಿಭಾಗ, ಯಾವುದು ಕೆಟ್ಟಿದೆ ಅಂತ ಗೊತ್ತಿರುವ ತಲೆ, ನಾಳೆ ಅದೇ ಕೆಟ್ಟರೆ ಮತ್ತೆ ಬರುವ ಜವಾಬ್ದಾರಿ, ಇವೆಲ್ಲ ಅದರಲ್ಲಿ ಸೇರಿವೆ. ಬಹಳ ಕಂಪನಿಗಳು ಗಂಟೆ ಲೆಕ್ಕ ಬಿಟ್ಟು ಒಂದೊಂದು ಕೆಲಸಕ್ಕೂ ರೇಟಿನ ಪುಸ್ತಕ ಇಟ್ಟುಕೊಂಡಿವೆ. ಟ್ಯಾಬ್ಲೆಟ್‌ನಲ್ಲಿ ತೋರಿಸುವುದು ಅದನ್ನೇ. ಹೀಗಾಗಿ ಒಂದೇ ಸಾರಿ ಬಾಗಿಲು ತೆಗೆದು ಎರಡು ಕೆಲಸ ಮಾಡಿದಾಗ ಎರಡಕ್ಕೂ ಪೂರ್ತಿ ರೇಟು ಬೀಳುತ್ತದೆ. ನಿಮ್ಮ 640 ಆಗಿದ್ದು ಬಹುಶಃ ಹಾಗೆ. "ಎರಡನೇ ಕೆಲಸಕ್ಕೆ ರೇಟು ಕಮ್ಮಿ ಮಾಡ್ತೀರಾ?" ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿದರೆ ಎಷ್ಟೋ ಕಡೆ ಇಳಿಸುತ್ತಾರೆ.

ಶಿಕಾಗೋ ಸುತ್ತಮುತ್ತ ನಾನು ಕಂಡ ರೇಟು ಹೀಗಿದೆ, ನಿಮ್ಮ ಊರಿನಲ್ಲಿ ಆಚೆ ಈಚೆ ಆಗಬಹುದು. ಹಗಲು ಹೊತ್ತು ಬಂದು ಏನಾಗಿದೆ ಅಂತ ಹೇಳುವುದಕ್ಕೆ 80ರಿಂದ 200 ಡಾಲರ್, ರಾತ್ರಿ ಮತ್ತು ವಾರಾಂತ್ಯದಲ್ಲಿ ಅದಕ್ಕಿಂತ ಜಾಸ್ತಿ. ಆದ್ದರಿಂದ ನಿಮ್ಮ 189ರ ಬಗ್ಗೆ ನನ್ನ ತಕರಾರಿಲ್ಲ. ಫ್ಲೇಮ್ ಸೆನ್ಸರ್ ಸ್ವಚ್ಛ ಮಾಡಲು 100ರಿಂದ 200. ಪ್ರೆಷರ್ ಸ್ವಿಚ್ 200ರಿಂದ 400. ಇಂಡ್ಯೂಸರ್ ಮೋಟಾರು 500ರಿಂದ 1,000. ಕಂಟ್ರೋಲ್ ಬೋರ್ಡ್, ಗ್ಯಾಸ್ ವಾಲ್ವ್ ಎರಡೂ ಹೆಚ್ಚು ಕಡಿಮೆ ಅಷ್ಟೇ. ಬ್ಲೋಯರ್ ಮೋಟಾರು ಹಳೇ ನಮೂನೆಯದಾದರೆ 400ರಿಂದ 900, ವೇಗ ಬದಲಿಸಿಕೊಳ್ಳುವ ಹೊಸ ನಮೂನೆಯದಾದರೆ 1,500 ದಾಟಬಹುದು. ಹೀಟ್ ಎಕ್ಸ್‌ಚೇಂಜರ್ ಬದಲಿಸಲು 1,500ರಿಂದ 3,500. ಸೆನ್ಸರ್ ಸ್ವಚ್ಛ ಮಾಡಿದರೆ ಸಾಕಿದ್ದ ನಿಮ್ಮ ಕೆಲಸಕ್ಕೆ, ಶನಿವಾರ ರಾತ್ರಿಯ ಲೆಕ್ಕ ಹಿಡಿದರೂ, ವಿಸಿಟ್ ಸೇರಿ 400ರ ಆಸುಪಾಸಿನಲ್ಲಿ ಮುಗಿಯಬೇಕಿತ್ತು. ನೀವು ಕೊಟ್ಟಿದ್ದು 829.

ಇನ್ನೊಂದು ಮಾತು. ದುಡ್ಡೇ ಬೇಡದ ರಿಪೇರಿಗಳೂ ಇವೆ. 2019ರ ಜನವರಿ 30ರಂದು ಶಿಕಾಗೋದಲ್ಲಿ ಸೊನ್ನೆಗಿಂತ 23 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಹೋಗಿತ್ತು, ಸೆಲ್ಸಿಯಸ್‌ನಲ್ಲಿ ಮೈನಸ್ 31. ಆ ದಿನ ನನ್ನ ಪರಿಚಯದವರೊಬ್ಬರ ಮನೆಯಲ್ಲಿ ಫರ್ನೇಸ್ ನಿಂತಿತು. ಅವರದು ಬಿಳಿ ಪ್ಲಾಸ್ಟಿಕ್ ಪೈಪಿನ, ಗ್ಯಾಸ್ ಕಮ್ಮಿ ಬಳಸುವ ನಮೂನೆ. ಅದು ಎರಡು ಪೈಪಿನಲ್ಲಿ ಹೊರಗಿನಿಂದ ಗಾಳಿ ಎಳೆದುಕೊಂಡು ಹೊರಗೇ ಬಿಡುತ್ತದೆ. ಮನೆಯ ಪಕ್ಕಕ್ಕೆ ಹೋಗಿ ನೋಡಿದರೆ ಗಾಳಿ ಎಳೆಯುವ ಪೈಪಿನ ಬಾಯಿಗೆ ಬಿಳಿಯಾಗಿ ಮಂಜು ಕಟ್ಟಿಕೊಂಡಿತ್ತು, ಒಂದು ಬೆರಳು ಹೋಗುವಷ್ಟು ಜಾಗ ಉಳಿದಿತ್ತು. ಮರದ ಚಮಚದಲ್ಲಿ ಕೆರೆದು ತೆಗೆದೆವು. ಹತ್ತು ನಿಮಿಷಕ್ಕೆ ಫರ್ನೇಸ್ ಶುರು. ಅದೇ ನಮೂನೆಯಲ್ಲಿ ನೀರು ಇಳಿಯುವ ಸಣ್ಣ ಕೊಳವೆ ಕಟ್ಟಿಕೊಂಡರೂ ಹೀಗೇ ನಿಲ್ಲುತ್ತದೆ.

ಫಿಲ್ಟರ್ ಇನ್ನೂ ಸಾಮಾನ್ಯ. ಫಿಲ್ಟರ್ ಕಟ್ಟಿದರೆ ಗಾಳಿ ಸಾಲದೆ ಒಳಗೆ ಬಿಸಿ ಏರಿ, ಲಿಮಿಟ್ ಸ್ವಿಚ್ ಉರಿಯನ್ನು ನಿಲ್ಲಿಸುತ್ತದೆ. ನಮ್ಮ ಮನೆಗಳಲ್ಲಿ ದಿನಾ ಒಗ್ಗರಣೆ, ಊದುಬತ್ತಿ, ವಾರಕ್ಕೊಮ್ಮೆ ಕರಿಯುವುದು ಇದ್ದೇ ಇರುತ್ತದೆ. ಪ್ಯಾಕೆಟ್ ಮೇಲೆ ಮೂರು ತಿಂಗಳು ಅಂತ ಬರೆದಿದ್ದರೂ ಒಂದಿಂಚಿನ ಫಿಲ್ಟರ್ ಅಷ್ಟು ಬಾಳುವುದಿಲ್ಲ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಎಳೆದು ಬೆಳಕಿಗೆ ಹಿಡಿದು ನೋಡಿ, ಆಚೆ ಕಡೆಯ ಬೆಳಕು ಕಾಣದಿದ್ದರೆ ಬದಲಿಸಿ. ಬಾಣದ ಗುರುತು ಫರ್ನೇಸ್ ಕಡೆಗಿರಲಿ. ಗ್ಯಾಸ್ ಉಳಿಸಲು ಖಾಲಿ ರೂಮುಗಳ ವೆಂಟ್ ಮುಚ್ಚುವವರೂ ಇದ್ದಾರೆ. ಎರಡು ಮೂರು ರೂಮಿನದು ಮುಚ್ಚಿದರೆ ಅದೂ ಕಟ್ಟಿದ ಫಿಲ್ಟರ್‌ನ ಹಾಗೇ ತೊಂದರೆ ಕೊಡುತ್ತದೆ.

ಫೋನ್ ಮಾಡುವ ಮೊದಲು ಇನ್ನೊಂದು ಕೆಲಸ. ಫರ್ನೇಸ್‌ನ ಕೆಳಗಿನ ಬಾಗಿಲಲ್ಲಿ ಸಣ್ಣ ಗಾಜಿನ ಕಿಂಡಿ ಇರುತ್ತದೆ. ಅದರಲ್ಲಿ ಬೋರ್ಡಿನ ಪುಟ್ಟ ದೀಪ ಮಿಣುಕುವುದು ಕಾಣುತ್ತದೆ. ಎಷ್ಟು ಸಲ ಮಿಣುಕಿತು ಅಂತ ಎಣಿಸಿ, ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಎಷ್ಟು ಮಿಣುಕಿದರೆ ಏನರ್ಥ ಅಂತ ಬಾಗಿಲ ಒಳಮೈಯಲ್ಲಿ ಅಂಟಿಸಿರುತ್ತಾರೆ. "ಇಷ್ಟು ಸಲ ಮಿಣುಕುತ್ತಿದೆ, ಉರಿ ಹತ್ತಿ ಆರುತ್ತಿದೆ" ಅಂತ ಹೇಳುವ ಗ್ರಾಹಕರ ಮಾತನ್ನು ಟೆಕ್ನಿಷಿಯನ್ ಬೇರೆ ರೀತಿ ಕೇಳಿಸಿಕೊಳ್ಳುತ್ತಾರೆ.

ಈಗ ಬಿರುಕಿನ ಮಾತು. ಇದು ಜೀವದ ವಿಷಯ, ಅದಕ್ಕೇ ಗಟ್ಟಿಯಾಗಿ ಹೇಳುತ್ತೇನೆ. ಹೀಟ್ ಎಕ್ಸ್‌ಚೇಂಜರ್ ಅಂದರೆ ಉರಿಯನ್ನೂ ಮನೆಯ ಗಾಳಿಯನ್ನೂ ಬೇರೆ ಮಾಡಿ ಇಡುವ ಲೋಹದ ಗೋಡೆ. ಅದು ಬಿರುಕು ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ರೂಮಿಗೆ ಬರುವ ಅಪಾಯ ಇದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಹಾಗಾಗಿ ನಿಜವಾಗಿ ಬಿರುಕು ಕಂಡ ಟೆಕ್ನಿಷಿಯನ್ ಫರ್ನೇಸ್ ಆರಿಸಿ, ಕೆಂಪು ಚೀಟಿ ಕಟ್ಟಿ, ಓಡಿಸಬೇಡಿ ಅಂತ ಹೇಳಿ ಹೋಗಬೇಕು. ನಿಮ್ಮ ಮನೆಗೆ ಬಂದವರು ಬಿರುಕು "ಇರಬಹುದು" ಅಂದರು, ಅದೇ ಫರ್ನೇಸನ್ನು ರಿಪೇರಿ ಮಾಡಿ, ವಯಸ್ಸಾದವರು ಮಲಗುವ ಮನೆಯಲ್ಲಿ ಓಡಲು ಬಿಟ್ಟು ಹೋದರು. ಈ ಎರಡೂ ಒಟ್ಟಿಗೆ ಹೊಂದುವುದಿಲ್ಲ. ಅವರು ಬಿರುಕು ನೋಡಿದ್ದರೆ ಬಿಟ್ಟು ಹೋಗಿದ್ದು ತಪ್ಪು. ನೋಡಿಲ್ಲದಿದ್ದರೆ ಆ ಮಾತು ಹೇಳಿ 9,200 ಡಾಲರ್ ಕೇಳಿದ್ದು ತಪ್ಪು.

ನೋಡಿದ್ದಾರೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಫೋಟೋ ಕೇಳಿ. ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ಬಿರುಕನ್ನು ತೋರಿಸಬಹುದು. ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಕೂಡ ಆ ವಿಡಿಯೋದಲ್ಲಿ ಬರಲಿ, ಆಗ ಅದು ನಿಮ್ಮದೇ ಫರ್ನೇಸ್ ಅಂತ ಖಾತ್ರಿ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಅಂತ ಮೀಟರ್ ಹಾಕಿ ಅಳೆದು ಬರೆದುಕೊಡಲು ಹೇಳಿ. ಬ್ಲೋಯರ್ ಶುರುವಾದ ಕ್ಷಣ ಉರಿ ಅಲ್ಲಾಡುತ್ತದಾ, ಹಳದಿಯಾಗಿ ಈಚೆ ಚಾಚುತ್ತದಾ ಅಂತ ಅವರ ಜೊತೆ ನಿಂತು ನೀವೂ ನೋಡಿ. ಈ ಪರೀಕ್ಷೆಗೆ ಬೇರೆ ಕಂಪನಿಯನ್ನು ಕರೆಯಿರಿ. ಮೊದಲನೆಯವರು ಏನು ಹೇಳಿದರು ಅಂತ ಅವರಿಗೆ ಮುಂಚೆ ಹೇಳಬೇಡಿ. "ಪೂರ್ತಿ ಪರೀಕ್ಷೆ ಮಾಡಿ ಬರೆದುಕೊಡಿ" ಅಂದರೆ ಸಾಕು.

ಅಲ್ಲಿಯವರೆಗೆ ಅಲಾರಂ ಕಡೆ ಗಮನ ಇರಲಿ. ಮಲಗುವ ಪ್ರತಿ ರೂಮಿನ 15 ಅಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಬೇಕು ಅಂತ ನಿಮ್ಮ ಇಲಿನಾಯ್ ರಾಜ್ಯದಲ್ಲಿ 2007ರಿಂದ ಕಾನೂನೇ ಇದೆ. ಅಪ್ಪ ಅಮ್ಮ ಬೇಸ್‌ಮೆಂಟಿನ ರೂಮಿನಲ್ಲಿ ಮಲಗುತ್ತಿದ್ದರೆ ಅಲ್ಲಿಯೂ ಒಂದು ಬೇಕು. ಅಲಾರಂಗೂ ಆಯಸ್ಸಿದೆ, ಹಿಂಬದಿಯ ತಾರೀಕು ಓದಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಹತ್ತು ಲಕ್ಷಕ್ಕೆ 70 ಭಾಗದಷ್ಟು ವಿಷಗಾಳಿ ಇದ್ದಾಗ ಅಲಾರಂ ಕೂಗಲು ಒಂದು ಗಂಟೆಯಿಂದ ನಾಲ್ಕು ಗಂಟೆ ತೆಗೆದುಕೊಳ್ಳಬಹುದು, ಅದರ ನಿಯಮವೇ ಹಾಗಿದೆ. ಅಷ್ಟರಲ್ಲಿ ವಯಸ್ಸಾದವರಿಗೆ ತಲೆನೋವು, ವಾಕರಿಕೆ, ಸುಸ್ತು ಶುರುವಾಗಬಹುದು. ಊರಿನಿಂದ ಬಂದ ಹೊಸದರಲ್ಲಿ ಇದನ್ನೆಲ್ಲ ಜೆಟ್‌ಲ್ಯಾಗ್ ಅಂದುಕೊಂಡು ಬಿಡುತ್ತೇವೆ. ಹೊರಗೆ ಹೋದಾಗ ಕಮ್ಮಿಯಾಗಿ, ಮನೆಗೆ ಬಂದಾಗ ಮತ್ತೆ ಬಂದರೆ ಅದು ಜೆಟ್‌ಲ್ಯಾಗ್ ಅಲ್ಲ. ಅಲಾರಂ ಕೂಗಿದರೆ ಎಲ್ಲರೂ ಹೊರಗೆ ಬನ್ನಿ, ಹೊರಗಿನಿಂದಲೇ 911ಕ್ಕೆ ಫೋನ್ ಮಾಡಿ. ಗ್ಯಾಸ್ ವಾಸನೆ ಬಂದರೂ ಹಾಗೇ. ಸೋರಿಕೆ ನೋಡಲು ಗ್ಯಾಸ್ ಕಂಪನಿಯವರು ದುಡ್ಡು ತಗೊಳ್ಳುವುದಿಲ್ಲ, ಸಂಕೋಚ ಬೇಡ.

ಬಿರುಕು ಇಲ್ಲ ಅಂತ ಬಂದರೆ, ಈ ಚಳಿಗಾಲ ಹಳೆಯದನ್ನೇ ಓಡಿಸಿ. ಫರ್ನೇಸ್ ಸಾಮಾನ್ಯವಾಗಿ 15ರಿಂದ 20 ವರ್ಷ ಬಾಳುತ್ತದೆ, ನಿಮ್ಮದು ಮುಪ್ಪಿಗೆ ಬಂದಿದೆ ನಿಜ. ರಿಪೇರಿ ಖರ್ಚನ್ನು ವಯಸ್ಸಿನಿಂದ ಗುಣಿಸಿ, 5,000 ದಾಟಿದರೆ ಹೊಸದು ತಗೊಳ್ಳಿ ಅನ್ನುವ ಲೆಕ್ಕ ಒಂದು ಓಡಾಡುತ್ತಿದೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಲೆಕ್ಕದಲ್ಲಿ ಹದಿನೇಳು ವರ್ಷದ ಫರ್ನೇಸ್ 300 ಡಾಲರ್ ರಿಪೇರಿಗೇ ಗುಜರಿಗೆ ಹೋಗಬೇಕು. ನಾನು ನೋಡುವುದು ಕೆಟ್ಟಿದ್ದು ಯಾವುದು ಅಂತ. ಇಗ್ನೈಟರ್, ಸೆನ್ಸರ್, ಸ್ವಿಚ್ ಆದರೆ ರಿಪೇರಿ ಮಾಡಿಸಿ. ಹದಿನೈದು ವರ್ಷ ದಾಟಿದ್ದಕ್ಕೆ ಬ್ಲೋಯರ್ ಮೋಟಾರು ಅಥವಾ ಬೋರ್ಡ್ ಹೋದರೆ ಯೋಚಿಸಿ. ಹೀಟ್ ಎಕ್ಸ್‌ಚೇಂಜರ್ ಹೋದರೆ ಹೊಸದೇ ಸರಿ. ಅದರ ವಾರಂಟಿ ಎಷ್ಟೋ ಕಂಪನಿಗಳಲ್ಲಿ 20 ವರ್ಷ, ಕೆಲವು ಕಡೆ ಅದಕ್ಕೂ ಜಾಸ್ತಿ ಇರುತ್ತದೆ, ಸೀರಿಯಲ್ ನಂಬರ್ ಕೊಟ್ಟು ಕೇಳಿ ನೋಡಿ. ಆದರೆ ವಾರಂಟಿ ಕೊಡುವುದು ಸಾಮಾನು ಮಾತ್ರ. ಬಿಚ್ಚಿ ಜೋಡಿಸುವ ಕೂಲಿಯೇ ಸಾವಿರ ಡಾಲರ್ ಮೇಲೆ ಬೀಳುತ್ತದೆ.

ಹೊಸದಕ್ಕೆ 9,200 ಜಾಸ್ತಿಯಾ? ಏನು ಸೇರಿದೆ ಅಂತ ಗೊತ್ತಿಲ್ಲದೆ ಹೇಳಲಾಗದು. ನಿಮ್ಮಲ್ಲಿರುವುದು ತಗಡಿನ ಹೊಗೆಕೊಳವೆಯ ನಮೂನೆ ಆಗಿದ್ದರೆ, ಅದು 100 ಡಾಲರ್ ಗ್ಯಾಸ್‌ನಲ್ಲಿ ಸುಮಾರು 80 ಡಾಲರ್‌ನಷ್ಟು ಬಿಸಿ ಮನೆಗೆ ಕೊಡುತ್ತದೆ. ಅಂಥದ್ದೇ ಹೊಸದು ಹಾಕಿಸಲು 4,000ರಿಂದ 6,000 ಆಗುತ್ತದೆ. ಪ್ಲಾಸ್ಟಿಕ್ ಪೈಪಿನ, 96 ಡಾಲರ್‌ನಷ್ಟು ಬಿಸಿ ಕೊಡುವ ನಮೂನೆಗೆ 5,500ರಿಂದ 9,000. ವರ್ಷಕ್ಕೆ 900 ಡಾಲರ್ ಗ್ಯಾಸ್ ಬಿಸಿಗೇ ಹೋಗುತ್ತಿದ್ದರೆ, ಅದು 750ಕ್ಕೆ ಇಳಿಯುತ್ತದೆ. ಉಳಿತಾಯ ವರ್ಷಕ್ಕೆ 150. ಹೆಚ್ಚಿಗೆ ಕೊಟ್ಟ ದುಡ್ಡು ವಾಪಸ್ಸಾಗಲು ಹತ್ತರಿಂದ ಇಪ್ಪತ್ತು ವರ್ಷ ಬೇಕು. ಆ ಮನೆಯಲ್ಲಿ ಅಷ್ಟು ವರ್ಷ ಇರುತ್ತೀರಾ ಅಂತ ನೀವೇ ಯೋಚಿಸಿ.

ಇದರಲ್ಲಿ ಸೇಲ್ಸ್‌ನವರು ಎಷ್ಟೋ ಸಲ ಹೇಳದ ಒಂದು ಖರ್ಚಿದೆ. ಈಗ ನಿಮ್ಮ ಫರ್ನೇಸ್ ಮತ್ತು ನೀರು ಕಾಯಿಸುವ ಟ್ಯಾಂಕು ಒಂದೇ ಹೊಗೆಕೊಳವೆ ಬಳಸುತ್ತಿರಬಹುದು. ಹೊಸ ಫರ್ನೇಸ್ ಬೇರೆ ಪೈಪಿಗೆ ಹೋದರೆ ಟ್ಯಾಂಕ್ ಒಂದೇ ಆ ದೊಡ್ಡ ಕೊಳವೆಯಲ್ಲಿ ಉಳಿಯುತ್ತದೆ. ಅದರ ಹೊಗೆ ಮೇಲೇರುವಷ್ಟು ಕೊಳವೆ ಬಿಸಿಯಾಗುವುದಿಲ್ಲ, ಹೊಗೆ ಮನೆಯೊಳಗೆ ವಾಪಸ್ ಬರಬಹುದು. ಆಗ ಅದರೊಳಗೆ ಲೈನರ್ ಅನ್ನುವ ಸಣ್ಣ ಕೊಳವೆ ಇಳಿಸಬೇಕು. ಅದು ನಿಮ್ಮ ಕೊಟೇಶನ್‌ನಲ್ಲಿ ಇದೆಯಾ ಕೇಳಿ. ಪರ್ಮಿಟ್, ಹಳೆಯದನ್ನು ಒಯ್ಯುವುದು, ಕೂಲಿಯ ವಾರಂಟಿ, ಇವೂ ಬರಹದಲ್ಲಿರಲಿ. ಇಲಿನಾಯ್‌ನಲ್ಲಿ ಈ ಕೆಲಸಕ್ಕೆ ರಾಜ್ಯದ ಲೈಸೆನ್ಸ್ ಇಲ್ಲ, ಊರೂರಿನ ನಿಯಮ ಬೇರೆ. ಕಂಪನಿ ಬಗ್ಗೆ ನಿಮ್ಮ ಸಿಟಿಯ ಬಿಲ್ಡಿಂಗ್ ವಿಭಾಗಕ್ಕೆ ಒಂದು ಫೋನ್ ಮಾಡಿ. ಕೇಂದ್ರ ಸರ್ಕಾರದ 600 ಡಾಲರ್ ತೆರಿಗೆ ರಿಯಾಯಿತಿಯನ್ನು ಯಾರಾದರೂ ಲೆಕ್ಕಕ್ಕೆ ಸೇರಿಸಿದರೆ ಒಪ್ಪಬೇಡಿ, ಅದು 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಹಾಕಿಸಿದ ಮೇಲೆ ನೋಂದಣಿ ಮರೆಯಬೇಡಿ. ಸಾಮಾನ್ಯವಾಗಿ 60 ಅಥವಾ 90 ದಿನದೊಳಗೆ ನೋಂದಾಯಿಸಿದರೆ ಮಾತ್ರ ಬಿಡಿಭಾಗಗಳಿಗೆ 10 ವರ್ಷದ ವಾರಂಟಿ, ಇಲ್ಲದಿದ್ದರೆ 5.

ಮೂರು ಕಂಪನಿಗಳಿಂದ ಕೊಟೇಶನ್ ತರಿಸಿ, ಆದರೆ ಏಪ್ರಿಲ್‌ನಲ್ಲೋ ಮೇನಲ್ಲೋ. ಆಗ ಅವರಿಗೂ ಕೆಲಸ ಕಮ್ಮಿ, ನಿಮಗೂ ಚಳಿಯ ಭಯ ಇಲ್ಲ. ಈ ವಾರಕ್ಕೆ ಮಾತ್ರ ಈ ರೇಟು ಅನ್ನಲು ಫರ್ನೇಸ್ ಬೆಲೆ ಚಿನ್ನದ ಹಾಗೆ ದಿನಾ ಏರಿಳಿಯುವುದಿಲ್ಲ. ನಡುವೆ ಮತ್ತೆ ರಾತ್ರಿ ನಿಂತರೆ ಒಂದು ರೂಮಿನಲ್ಲಿ ಎಲ್ಲರೂ ಸೇರಿಕೊಳ್ಳಿ. ಸ್ಪೇಸ್ ಹೀಟರ್ ಅನ್ನು ನೇರ ಗೋಡೆಯ ಪ್ಲಗ್‌ಗೆ ಹಾಕಿ, ಹಾಸಿಗೆ ಪರದೆಯಿಂದ ಮೂರು ಅಡಿ ದೂರ ಇಡಿ. ಗ್ಯಾಸ್ ಓವನ್ ಬಾಗಿಲು ತೆಗೆದು ಮನೆ ಕಾಯಿಸಬೇಡಿ. ನಲ್ಲಿಗಳನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟರೆ ಪೈಪು ಹೆಪ್ಪುಗಟ್ಟುವ ಸಂಭವ ಕಮ್ಮಿ. ಬೆಳಗಿನವರೆಗೆ ಹೀಗೆ ತಳ್ಳಿದರೆ ಹಗಲಿನ ರೇಟಿಗೆ ಕೆಲಸ ಆಗುತ್ತದೆ. ಆದರೆ ಅಪ್ಪ ಅಮ್ಮನಿಗೆ ಅಷ್ಟು ಚಳಿ ತಡೆಯದು ಅನ್ನಿಸಿದರೆ ರಾತ್ರಿ ರೇಟನ್ನೇ ಕೊಡಿ, ಅಥವಾ ಸ್ನೇಹಿತರ ಮನೆಗೆ ಕರೆದುಕೊಂಡು ಹೋಗಿ.

ಕೊಟ್ಟ ದುಡ್ಡಿನ ಬಗ್ಗೆ ಇನ್ನೂ ಒಂದು ಪ್ರಯತ್ನ ಮಾಡಬಹುದು. ತೆಗೆದ ಇಗ್ನೈಟರ್ ಮನೆಯಲ್ಲೇ ಬಿಟ್ಟು ಹೋಗಿದ್ದಾರಾ ನೋಡಿ, ಫರ್ನೇಸ್ ಪಕ್ಕದ ಡಬ್ಬದಲ್ಲಿ ಇರಬಹುದು. ವೈರ್ ಹಿಡಿದು ಎತ್ತಿ, ಫೋಟೋ ತೆಗೆಯಿರಿ. ಉರಿ ಹತ್ತುತ್ತಿದ್ದ ವಿಡಿಯೋ ಇದ್ದರೆ ಅದನ್ನೂ ಸೇರಿಸಿ ಕಂಪನಿಯ ಮ್ಯಾನೇಜರ್‌ಗೆ ಕಳಿಸಿ, "ಉರಿ ಹತ್ತುತ್ತಿದ್ದಾಗ ಇದನ್ನು ಯಾಕೆ ಬದಲಿಸಿದಿರಿ?" ಅಂತ ಮರ್ಯಾದೆಯಿಂದಲೇ ಕೇಳಿ. ಸ್ವಲ್ಪ ವಾಪಸ್ ಕೊಟ್ಟರೂ ಕೊಟ್ಟಾರು. ಆ ಇಗ್ನೈಟರ್ ಎಸೆಯಬೇಡಿ. ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಫರ್ನೇಸ್ ಹತ್ತಿರ ಶೆಲ್ಫಿನಲ್ಲಿಡಿ. ಹೊಸದು ಯಾವತ್ತಾದರೂ ರಾತ್ರಿ ಕೈಕೊಟ್ಟರೆ ಬಂದವರಿಗೆ ಅದನ್ನೇ ಹಾಕಲು ಹೇಳಬಹುದು.